ಅಬ್ಲಾ, ಅಕ್ಕೋರು, ಆಯಾ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬ ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಕೂಡದು ಎಂದು ಷರತ್ತು ಹಾಕಿದೆ. ಹಾಗಾಗಿ ವಂದನೆಯ ಭಾಗ ಬೇಗ ಮುಗಿಯಿತು. ಉಪನ್ಯಾಸ ಮಕ್ಕಳಿಗೆ ಸಂಬಂಧಪಟ್ಟಿರಬೇಕು ಎಂಬುದು ಇನ್ನೊಂದು ಷರತ್ತು. ಅದನ್ನು ನಾನು ಕೊಂಚ ತಿರುಚಿಕೊಂಡಿದ್ದೇನೆ. ಮಕ್ಕಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಕ್ಕಳನ್ನು ನೋಡಿಕೊಳ್ಳುವವರ ಬಗ್ಗೆ, ಅವರು ಆ ಕೆಲಸ ಎಲ್ಲಿ ಕಲಿಯುತ್ತಾರೆ ಎಂಬುದರ ಬಗ್ಗೆ ಮಾತಾಡುತ್ತೇನೆ.

ಕುವೈತಿನ ಸಾಲ್ಮಿಯಾದಲ್ಲಿ ಮಗಳ ಮನೆಗೆ ಬಂದು ಕೆಲವು ವಾರಗಳಾದವು. ಕೆಳಗಿನ ಮಹಡಿಯಲ್ಲಿ ಒಂದು ಅರಬ್ ಕುಟುಂಬ. ಅವರ ಹುಡುಗಿ ಬೆಳಿಗ್ಗೆ ಚೀಲ ಏರಿಸಿಕೊಂಡು ಲಿಫ್ಟಿನ ಮುಂದೆ ನಿಂತಿರುತ್ತಾಳೆ, ಸಂಜೆ ಅದೇ ಲಿಫ್ಟಿನಲ್ಲಿ ತಾಯಿಗೆ ಏನೇನೋ ವರದಿ ಒಪ್ಪಿಸುತ್ತಾಳೆ. ವರದಿಯ ತುಂಬ ‘ಅಬ್ಲಾ, ಅಬ್ಲಾ’. ನನಗೆ ಅರಬ್ಬಿ ಬಾರದು, ಆದರೂ ಆ ಪದ ಕಿವಿಯಲ್ಲಿ ಉಳಿಯಿತು. ಕೇಳಿದಾಗ ತಿಳಿಯಿತು: ಇಲ್ಲಿನ ಮಕ್ಕಳು ಟೀಚರಮ್ಮನನ್ನು ಕರೆಯುವುದೇ ಹಾಗಂತೆ. ತುರ್ಕಿ ಭಾಷೆಯಿಂದ ಬಂದ ಮಾತು, ಅಲ್ಲಿ ಅದರ ಅರ್ಥ ಅಕ್ಕ.

ನನಗೆ ನಗು ಬಂತು. ನಾನು ಧಾರವಾಡ ಜಿಲ್ಲೆಯವಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು ಅಕ್ಕೋರು. ಮದುವೆಯಾಗಿರಲಿ, ಮೊಮ್ಮಕ್ಕಳಿರಲಿ, ನಿವೃತ್ತಿಗೆ ಒಂದು ವರ್ಷ ಉಳಿದಿರಲಿ, ಅಕ್ಕೋರು ಅಕ್ಕೋರೇ. ಸಾವಿರಾರು ಮೈಲಿ ದೂರದ ಎರಡು ಊರುಗಳ ಮಕ್ಕಳು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ.

ಆ ತೀರ್ಮಾನದ ಮೇಲೆ ನನಗೆ ಪ್ರೀತಿ ಇದೆ, ಅನುಮಾನವೂ ಇದೆ. ಅಕ್ಕ ಎಂದ ಕೂಡಲೇ ಮಗುವಿಗೆ ಭಯ ಹೋಗುತ್ತದೆ, ದೊಡ್ಡವರಿಗೆ ಲೆಕ್ಕ ಹೋಗುತ್ತದೆ. ಅಕ್ಕನಿಗೆ ಯಾರು ಸಂಬಳ ಗೊತ್ತು ಮಾಡುತ್ತಾರೆ? ಅಕ್ಕನ ಕೆಲಸಕ್ಕೆ ಹೊತ್ತುಗೊತ್ತು ಎಲ್ಲಿದೆ? ಅಕ್ಕನಾಗುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಮನೆಯ ಸಂಬಂಧದ ಹೆಸರು ಕೊಟ್ಟ ಮೇಲೆ ಆ ಕೆಲಸ ಹುಟ್ಟಿನಿಂದಲೇ ಬಂದದ್ದು ಎಂದಾಯಿತು. ಕಲಿಯಬೇಕಾದದ್ದು ಅಲ್ಲ ಎಂದಾಯಿತು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟವಳು ನಾನು. ಆ ಕಾಲವನ್ನೆಲ್ಲ ಈ ಒಂದು ನಂಬಿಕೆಯ ಜೊತೆ ಗುದ್ದಾಡುತ್ತಲೇ ಕಳೆದೆ ಅನಿಸುತ್ತದೆ.

ಆಯಾ ಎಂಬ ಪದದ್ದು ಇನ್ನೊಂದು ಕತೆ. ಅದು ಪೋರ್ಚುಗೀಸರಿಂದ ನಮ್ಮ ಕರಾವಳಿಗೆ ಬಂದದ್ದು. ಅವರಲ್ಲಿ ದೊಡ್ಡ ಮನೆತನದ ಮಕ್ಕಳನ್ನು ಸಾಕಿ ನಡೆನುಡಿ ಕಲಿಸುವ ಹೆಂಗಸಿಗೆ ಆ ಹೆಸರು. ನಮ್ಮ ಶಾಲೆಗಳಿಗೆ ಬರುವ ಹೊತ್ತಿಗೆ ಅವಳ ಕೈಗೆ ಕಸಬರಿಗೆ ಬಂದಿತ್ತು.

ಈ ಊರಿನಲ್ಲಿ ಸಣ್ಣ ಮಕ್ಕಳು ಯಾರ ಕೈಯಲ್ಲಿದ್ದಾರೆ, ನೋಡೋಣ. ಕುವೈತಿನ ಸರ್ಕಾರಿ ಶಿಶುವಿಹಾರಗಳಿಗೆ ‘ರೌದಾ’ ಎನ್ನುತ್ತಾರೆ, ಅಂದರೆ ತೋಟ. ಜರ್ಮನಿಯ ಫ್ರೋಬೆಲ್ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟದ್ದು 1840ರಲ್ಲಿ, ಅದೂ ಮಕ್ಕಳ ತೋಟವೇ. ರೌದಾಗಳಲ್ಲಿ ನಾಲ್ಕರಿಂದ ಆರು ವರ್ಷದವರು ಎರಡು ವರ್ಷ ಕಲಿಯುತ್ತಾರೆ. ಕಲಿಸುವವರೆಲ್ಲ ಹೆಂಗಸರು. ಅದಕ್ಕೆಂದೇ ವಿಶ್ವವಿದ್ಯಾಲಯದಲ್ಲೂ ಬೇಸಿಕ್ ಎಜುಕೇಷನ್ ಕಾಲೇಜಿನಲ್ಲೂ ಪದವಿ ಓದಿ ಬರುತ್ತಾರೆ. ಅಂದರೆ ನಾಲ್ಕು ವರ್ಷ ತುಂಬಿದ ಕುವೈತಿ ಮಗುವಿನ ಅಬ್ಲಾ ಓದಿ ಕಲಿತು ಅಬ್ಲಾ ಆದವಳು. ನಮ್ಮ ಭಾರತೀಯ ಶಾಲೆಗಳ ಎಲ್‌ಕೆಜಿ, ಯುಕೆಜಿಯಲ್ಲೂ ತಕ್ಕಮಟ್ಟಿಗೆ ಓದಿದ ಟೀಚರುಗಳಿದ್ದಾರೆ.

ಅದಕ್ಕಿಂತ ಕೆಳಗಿನ ನಾಲ್ಕು ವರ್ಷಗಳ ಪಾಡು ಬೇರೆ. ಖಾಸಗಿ ಕಂಪನಿಯಲ್ಲಿ ದುಡಿಯುವ ತಾಯಿಗೆ 2010ರ ಕಾರ್ಮಿಕ ಕಾನೂನಿನ ಪ್ರಕಾರ 70 ದಿನದ ಸಂಬಳಸಹಿತ ಹೆರಿಗೆ ರಜೆ. ಹಾಲೂಡಿಸಲು ದಿನಕ್ಕೆ ಎರಡು ಗಂಟೆ ಬಿಡುವು. ಐವತ್ತಕ್ಕಿಂತ ಹೆಚ್ಚು ಹೆಂಗಸರು ಅಥವಾ ಇನ್ನೂರಕ್ಕಿಂತ ಹೆಚ್ಚು ನೌಕರರು ಇರುವ ಕಡೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾಲೀಕರು ಶಿಶುಪಾಲನಾ ಕೇಂದ್ರ ತೆರೆಯಬೇಕು ಎಂದೂ ಅದೇ ಕಾನೂನು ಹೇಳುತ್ತದೆ. ಖಾಸಗಿ ‘ಹದಾನಾ’ಗಳಿಗೆ, ಅಂದರೆ ನರ್ಸರಿಗಳಿಗೆ, 2014ರಲ್ಲಿ ಬಂದ ಪ್ರತ್ಯೇಕ ಕಾನೂನೂ ಇದೆ. ಒಳ್ಳೆಯ ಹದಾನಾಗಳು ಇಲ್ಲಿ ಇವೆ. ಫೀಸು ನಮ್ಮವರಲ್ಲಿ ಹೆಚ್ಚಿನವರ ಕೈಗೆ ಎಟುಕುವುದಿಲ್ಲ ಅಷ್ಟೆ.

ಹಾಗಾದರೆ 71ನೇ ದಿನ ಮಗು ಎಲ್ಲಿಗೆ ಹೋಗುತ್ತದೆ? ಇಲ್ಲಿ ಕೂತಿರುವ ಅರ್ಧ ಜನಕ್ಕೆ ಉತ್ತರ ಗೊತ್ತು. ಕೆಲವು ಮಕ್ಕಳು ಮಂಗಳೂರಿಗೆ, ಉಡುಪಿಗೆ, ಅಜ್ಜಿಯ ಮಡಿಲಿಗೆ ವಿಮಾನ ಹತ್ತುತ್ತವೆ. ಕೆಲವರ ಅಜ್ಜಿಯರು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬರುತ್ತಾರೆ, ನನ್ನ ಹಾಗೆ. ಉಳಿದವು ಅಬ್ಬಾಸಿಯಾ, ಮಂಗಾಫ್, ಫರ್ವಾನಿಯಾದ ಯಾವುದೋ ಫ್ಲ್ಯಾಟಿನ ಮೂರನೇ ಮಹಡಿಗೆ, ‘ಬೇಬಿ ಸಿಟ್ಟಿಂಗ್’ಗೆ.

ಮೊಮ್ಮಗಳನ್ನು ಬಿಡಲು, ಕರೆತರಲು ನಾನೂ ಅಂಥ ಒಂದು ಫ್ಲ್ಯಾಟಿಗೆ ಹೋಗುತ್ತೇನೆ. ಬಾಗಿಲಾಚೆ ಹನ್ನೆರಡು ಜೊತೆ ಪುಟ್ಟ ಚಪ್ಪಲಿ. ಒಳಗೆ ಒಬ್ಬಳೇ ಹೆಂಗಸು, ಊರು ಕುಂದಾಪುರದ ಕಡೆ, ಗಂಡನ ಮೇಲಿನ 22ನೇ ನಂಬರಿನ ವೀಸಾ. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಫ್ಲ್ಯಾಟಿಗೆ ಪರವಾನಗಿಯೂ ಇಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ, ಹೊಗಳುವುದೂ ಇಲ್ಲ. 2024ರ ಜೂನ್ 12ರಂದು ಮಂಗಾಫಿನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಜನ, ಬಹುಪಾಲು ನಮ್ಮ ದೇಶದವರೇ, ತೀರಿಕೊಂಡರು. ಅದು ನೆನಪಾಗಿ, ಆ ಚಪ್ಪಲಿಗಳನ್ನು ನೋಡಿದಾಗಲೆಲ್ಲ, ಹೊಗೆ ತುಂಬಿದರೆ ಒಬ್ಬ ಹೆಂಗಸು ಹನ್ನೆರಡು ಮಕ್ಕಳನ್ನು ಮೆಟ್ಟಿಲಿಳಿಸುವುದು ಹೇಗೆ ಎಂದು ಲೆಕ್ಕ ಹಾಕುತ್ತೇನೆ. ಲೆಕ್ಕ ಕೂಡುವುದಿಲ್ಲ. ಭಾರತದಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಹೇಳಿರುವುದು, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ತರಬೇತಾದ ಒಬ್ಬಳು, ಜೊತೆಗೆ ಒಬ್ಬ ಸಹಾಯಕಿ.

ಅಲ್ಲಿಗೆ ಮಕ್ಕಳನ್ನು ಬಿಡುವ ತಾಯಂದಿರಲ್ಲಿ ಹೆಚ್ಚಿನವರು ನರ್ಸುಗಳು. ಅವರು ನಾಲ್ಕು ವರ್ಷ ಓದಿದ್ದಾರೆ, ಪರೀಕ್ಷೆ ಮೇಲೆ ಪರೀಕ್ಷೆ ಬರೆದಿದ್ದಾರೆ. ಸರ್ಟಿಫಿಕೇಟು ನೋಟರಿಯಿಂದ ರಾಯಭಾರ ಕಚೇರಿಯವರೆಗೆ ಎಲ್ಲ ಮೊಹರು ಹಾಕಿಸಿಕೊಂಡು ಬಂದ ಮೇಲೆಯೇ ಅಪರಿಚಿತ ರೋಗಿಯ ಕೈಹಿಡಿದು ಸೂಜಿ ಚುಚ್ಚಲು ಅವರಿಗೆ ಅನುಮತಿ. ಅದೇ ನರ್ಸು ತನ್ನ ಮೂರು ತಿಂಗಳ ಕೂಸನ್ನು ಒಬ್ಬರ ಕೈಗೆ ಕೊಡುವ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅವರು ಒಳ್ಳೆಯವರಾ?’ ಗೆಳತಿ ‘ಹೌದು ಮಾರಾಯ್ತಿ, ತುಂಬ ಒಳ್ಳೆಯವರು’ ಎಂದರೆ ಅಲ್ಲಿಗೆ ದಾಖಲೆ ಪರಿಶೀಲನೆ ಮುಗಿಯಿತು.

ಅವರು ಒಳ್ಳೆಯವರೇ. ಆ ಕುಂದಾಪುರದ ಹೆಂಗಸಿನ ಒಳ್ಳೆಯತನದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಒಳ್ಳೆಯತನಕ್ಕೆ ಖರ್ಜೂರದ ಬೀಜ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕು ಎಂಬುದು ತಾನಾಗಿ ಗೊತ್ತಾಗುವುದಿಲ್ಲ. ನಮ್ಮ ಅಜ್ಜಿಯರೆಲ್ಲ ಬೆರಳು ತೂರಿಸಿ ತಡಕಾಡುತ್ತಿದ್ದರು. ಕಾಣದ ವಸ್ತುವಿಗೆ ಹಾಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಸರಿಯುತ್ತದೆ. ವರ್ಷ ತುಂಬದ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ಬೀಳದಿದ್ದರೆ ತಿರುಗಿಸಿ ಎದೆಯ ನಡುವೆ ಐದು ಒತ್ತು. ಇಷ್ಟೇ. ಓದಿದರೆ ಅರ್ಧ ನಿಮಿಷ. ಆದರೆ ಕೈಗೆ ಬರಬೇಕಾದರೆ ಗೊಂಬೆಯ ಮೇಲೆ ಇಪ್ಪತ್ತು ಸಲ ಮಾಡಿರಬೇಕು, ಇಲ್ಲದಿದ್ದರೆ ಆ ಗಳಿಗೆಯಲ್ಲಿ ಕೈ ನಡುಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ತರಬೇತಿಗಳಲ್ಲಿ ರಿಜಿಸ್ಟರು ತುಂಬುವುದಕ್ಕೆ ಎರಡು ದಿನ ಇಟ್ಟಿದ್ದೆ, ಇದಕ್ಕೆ ಅರ್ಧ ಗಂಟೆ. ಗೊಂಬೆ ಇರಲಿಲ್ಲ, ದಿಂಬು ತೋರಿಸಿ ಮುಗಿಸಿದೆ. ಕೆಲವು ವರ್ಷಗಳ ನಂತರ ನನ್ನಿಂದ ಕಲಿತ ಒಬ್ಬಳ ಕೇಂದ್ರದಲ್ಲಿ ಶೇಂಗಾ ಬೆಲ್ಲ ಹಂಚುವಾಗ ಒಂದು ಮಗುವಿಗೆ ಉಸಿರು ಕಟ್ಟಿತು. ಮಗು ಉಳಿಯಿತು. ಉಳಿಸಿದ್ದು ಅವಳಲ್ಲ, ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಮಿಲಿಟರಿ ಮನುಷ್ಯ. ಆಮೇಲೆ ಅವಳು ನನ್ನನ್ನು ಕೇಳಿದಳು, ‘ಮೇಡಂ, ಅದನ್ನ ಯಾಕೆ ಸರಿಯಾಗಿ ಕಲಿಸಲಿಲ್ಲ?’ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ದೇಶದ ಚರಿತ್ರೆಯಲ್ಲಿ ಈ ಕೆಲಸವನ್ನು ವಿದ್ಯೆ ಎಂದು ಕಂಡವರು ಇಲ್ಲದೇ ಇಲ್ಲ. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದರು. ಕೆಲವೇ ತಿಂಗಳ ಮಾತು ಅದು. ಯುದ್ಧ ಶುರುವಾಗಿ, ಇಟಲಿಯವರೆಂಬ ಕಾರಣಕ್ಕೆ ಓಡಾಟಕ್ಕೆ ನಿರ್ಬಂಧ ಬಿದ್ದು, 1946ರವರೆಗೆ ಉಳಿದರು. ಆ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರಿಂದ ಕಲಿತರು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿಗೆ ಹೋದರು. ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಹೊರಟರು. ಅಂಗನವಾಡಿ ಎಂಬ ಮಾತು ಹುಟ್ಟಿದ್ದು ಆ ಅಂಗಳಗಳಲ್ಲಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಬ್ಲಾಕುಗಳಲ್ಲಿ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ.

ಆಗ ಕಾರ್ಯಕರ್ತೆಗೆ ತಿಂಗಳುಗಟ್ಟಲೆ ತರಬೇತಿ ಇತ್ತು. ಅದು ಇಳಿಯುತ್ತಾ ಇಳಿಯುತ್ತಾ 26 ದಿನಕ್ಕೆ ಬಂತು. ಆ 26 ದಿನದಲ್ಲೇ ತೂಕದ ಚಾರ್ಟು, ಲಸಿಕೆ, ಗರ್ಭಿಣಿಯರ ಆಹಾರ, ಇಲಾಖೆಯ ರಿಜಿಸ್ಟರುಗಳು, ಕೊನೆಗೆ ಉಸಿರಿದ್ದರೆ ಆಟ-ಹಾಡು. 2020ರ ಹೊಸ ಶಿಕ್ಷಣ ನೀತಿ ಪಿಯುಸಿ ಮುಗಿಸಿದವರಿಗೆ ಆರು ತಿಂಗಳ, ಅಷ್ಟು ಓದದವರಿಗೆ ಒಂದು ವರ್ಷದ ಕೋರ್ಸು ಆಗಬೇಕು ಎಂದು ಬರೆದಿದೆ. 2023ರಲ್ಲಿ ಬಂದ ‘ಪೋಷಣ್ ಭೀ ಪಢಾಯಿ ಭೀ’ ತರಬೇತಿ ಮೂರು ದಿನದ್ದು. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರು ಬಂತು. ಮಾಂಟೆಸ್ಸರಿ ಅಜ್ಜಿ ಬದುಕಿದ್ದರೆ ಬೋರ್ಡು ಓದುವ ಮೊದಲು ಟೀಚರಿಗೆ ಎಷ್ಟು ದಿನ ಕಲಿಸಿದಿರಿ ಎಂದು ಕೇಳುತ್ತಿದ್ದರು.

ತರಬೇತಿ ಎಂದರೆ ನಿಜವಾಗಿ ಏನು? ಬಣ್ಣದ ಕಾಗದ ಕತ್ತರಿಸುವುದಲ್ಲ. ನಾನು ಮೊದಲ ದಿನವೇ ಒಂದು ಅಭ್ಯಾಸ ಕೊಡುತ್ತಿದ್ದೆ. ಒಂದು ಮಗು, ಹತ್ತು ನಿಮಿಷ, ಒಂದು ಹಾಳೆ. ಕಂಡದ್ದನ್ನು ಬರೆಯಬೇಕು, ಗುಣವಾಚಕ ಬಳಸಕೂಡದು. ಮೊದಲ ದಿನದ ಹಾಳೆಗಳು ಎಲ್ಲ ಒಂದೇ ಥರ: ‘ಮಗು ತುಂಬ ಹಟಮಾರಿ.’ ‘ಮಗು ಚೂಟಿ.’ ಮಗುವನ್ನು ನೋಡಿಯೇ ಇಲ್ಲ, ತೀರ್ಪು ಕೊಟ್ಟಾಗಿದೆ. ಹದಿನೈದನೇ ದಿನ ಅದೇ ಹೆಂಗಸು ಬರೆದ ಹಾಳೆ: ‘ದೊಡ್ಡ ಮುಚ್ಚಳ ಹಿಡಿದು ಸಣ್ಣ ಡಬ್ಬಿಗೆ ನಾಲ್ಕು ಸಲ ಹಾಕಲು ನೋಡಿತು. ಐದನೇ ಸಲ ಡಬ್ಬಿ ತಿರುಗಿಸಿತು. ಪಕ್ಕದ ಮಗು ಡಬ್ಬಿ ಕಿತ್ತುಕೊಂಡಿತು. ಅತ್ತಿತು. ನನ್ನ ಕಡೆ ನೋಡಿತು.’ ಹಟಮಾರಿ ಎಲ್ಲಿ ಹೋದ? ಅವನ ಜಾಗದಲ್ಲಿ ಲೆಕ್ಕ ಬಿಡಿಸುತ್ತಿದ್ದ ಒಬ್ಬ ಹುಡುಗ ಕೂತಿದ್ದಾನೆ, ಯಾರೋ ಅವನ ಲೆಕ್ಕದ ಹಲಗೆ ಕಿತ್ತುಕೊಂಡಿದ್ದಾರೆ.

ಬುಡಾಪೆಸ್ಟಿನಲ್ಲಿ ಎಮ್ಮಿ ಪಿಕ್ಲರ್ ಎಂಬ ಮಕ್ಕಳ ವೈದ್ಯೆ 1946ರಲ್ಲಿ ಲೋಟ್ಸಿ ಬೀದಿಯಲ್ಲಿ ತಬ್ಬಲಿ ಕೂಸುಗಳಿಗಾಗಿ ಒಂದು ಮನೆ ನಡೆಸತೊಡಗಿದರು. ಅಲ್ಲಿನ ಹುಡುಗಿಯರಿಗೆ ಆಕೆ ಕಲಿಸಿದ್ದು ಪಾಠ ಮಾಡುವುದನ್ನಲ್ಲ. ಲಂಗೋಟಿ ಬದಲಿಸುವುದನ್ನು, ಅಂಗಿ ತೊಡಿಸುವುದನ್ನು, ಸ್ನಾನ ಮಾಡಿಸುವುದನ್ನು. ಕೈ ಎತ್ತಿಕೊಳ್ಳುವ ಮೊದಲು ‘ಈಗ ಕೈ ಕೊಡು’ ಎಂದು ಮಗುವಿಗೆ ಹೇಳಬೇಕು, ಮಗು ತಾನಾಗಿ ಕೈ ಚಾಚುವವರೆಗೆ ಕಾಯಬೇಕು. ಒಂದು ಮಗುವಿಗೆ ದಿನಕ್ಕೆ ಆರೇಳು ಸಲ ಬಟ್ಟೆ ಬದಲಿಸುತ್ತೇವೆ. ಆ ಆರೇಳು ಸಲವೂ ಅದರ ಜೊತೆ ಒಬ್ಬರೇ ಇರುತ್ತೇವೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ನಮ್ಮ ಬಾಣಂತಿತನ ಮಾಡುವ ಅಜ್ಜಿಯರು ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಅದರ ಜೊತೆ ಆಡುತ್ತಿದ್ದ ಮಾತುಗಳೂ ಇದೇ ವಿದ್ಯೆಯೇ. ಅವರಿಗೆ ಅದು ಬಂದದ್ದು ಹುಟ್ಟಿನಿಂದಲ್ಲ. ಅತ್ತೆಯ, ತಾಯಿಯ ಪಕ್ಕದಲ್ಲಿ ಕೂತು ಹತ್ತು ಬಾಣಂತಿತನ ನೋಡಿ ಬಂದದ್ದು. ಅದೂ ತರಬೇತಿಯೇ, ಸರ್ಟಿಫಿಕೇಟು ಮಾತ್ರ ಇರಲಿಲ್ಲ. ಅಬ್ಬಾಸಿಯಾದ ಫ್ಲ್ಯಾಟಿನಲ್ಲಿ ಕೊರತೆ ಇರುವುದು ಆ ಪಕ್ಕದಲ್ಲಿ ಕೂರುವವರದ್ದು.

ಈ ದೇಶಕ್ಕೇ ಒಗ್ಗುವ ಪಾಠಗಳೂ ಇವೆ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಹೊತ್ತು ಬಯಲಿನಲ್ಲಿ ದುಡಿಸಬಾರದು ಎಂದು ಇಲ್ಲಿ ನಿಯಮವಿದೆ. ದೊಡ್ಡವರಿಗೇ ಹಾಗಿರುವಾಗ ಮಕ್ಕಳು ಮೂರು ತಿಂಗಳು ಎರಡು ಕೋಣೆಯೊಳಗೇ. ಮೂರು ದಾಟಿದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆಗಿಂತ ಹೆಚ್ಚು ತೆರೆ ಬೇಡ, ವರ್ಷದೊಳಗಿನವರಿಗೆ ತೆರೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಎಸಿ ಗುಂಯ್‌ಗುಡುವ ಹಾಲಿನಲ್ಲಿ 180 ನಿಮಿಷವನ್ನು ಎಲ್ಲಿಂದ ತರುವುದು? ಕಲಿತವಳು ತರುತ್ತಾಳೆ. ನೆಲಕ್ಕೆ ಬಣ್ಣದ ಟೇಪು ಅಂಟಿಸಿ ಅದರ ಮೇಲೆ ನಡೆಸುತ್ತಾಳೆ, ಸೋಫಾದ ದಿಂಬುಗಳನ್ನು ಗುಡ್ಡ ಮಾಡುತ್ತಾಳೆ, ಒಂದು ಟಬ್ ನೀರು, ಎರಡು ಲೋಟ ಕೊಟ್ಟು ಒಂದು ಗಂಟೆ ಗೆಲ್ಲುತ್ತಾಳೆ. ಕಲಿಯದವಳು ಟಿವಿ ಹಾಕುತ್ತಾಳೆ. ಅವಳು ಕೆಟ್ಟವಳೆಂದಲ್ಲ. ಹನ್ನೆರಡು ಮಕ್ಕಳ ಗಂಜಿ ಒಲೆಯ ಮೇಲಿದೆ.

ಭಾಷೆಯದು ಇನ್ನೊಂದು ಗೋಜಲು. ಮನೆಯಲ್ಲಿ ತುಳು ಅಥವಾ ಬ್ಯಾರಿ ಅಥವಾ ಕೊಂಕಣಿ, ಅಪ್ಪನಿಗೆ ಕನ್ನಡದ ಹಟ, ನೋಡಿಕೊಳ್ಳುವ ಚೇಚಿಯದು ಮಲಯಾಳ, ಲಿಫ್ಟಿನಲ್ಲಿ ಅರಬ್ಬಿ, ಟಿವಿಯಲ್ಲಿ ಇಂಗ್ಲಿಷು. ಎರಡೂವರೆ ವರ್ಷದ ಮಗು ಮಾತು ತಡಮಾಡಿದರೆ ಗಾಬರಿ. ಯಾರೋ ಹೇಳುತ್ತಾರೆ, ಎಲ್ಲ ಬಿಟ್ಟು ಇಂಗ್ಲಿಷೊಂದೇ ಮಾತಾಡಿ ಎಂದು. ತಾಯಿ ತನಗೆ ಹರುಕುಮುರುಕಾಗಿ ಬರುವ ಭಾಷೆಯಲ್ಲಿ ಮಗುವನ್ನು ಮುದ್ದಿಸಲು ಹೊರಡುತ್ತಾಳೆ. ಮುದ್ದು ನಿಂತುಹೋಗುತ್ತದೆ, ಆಜ್ಞೆ ಉಳಿಯುತ್ತದೆ: ಕಮ್, ಸಿಟ್, ಈಟ್. ಹಲವು ಭಾಷೆ ಕೇಳುವುದರಿಂದ ಮಗು ಮೂಗನಾಗುವುದಿಲ್ಲ. ಯಾರೂ ಅದರ ಜೊತೆ ಎದುರುಬದುರು ಕೂತು ಮಾತಾಡದಿದ್ದರೆ ಭಾಷೆ ಬಡವಾಗುತ್ತದೆ. ತರಬೇತಿ ಪಡೆದವಳು ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸುತ್ತಾಳೆ. ಕರೆದರೆ ತಿರುಗುತ್ತದೆಯೇ, ಬೆರಳು ಮಾಡಿ ತೋರಿಸುತ್ತದೆಯೇ ನೋಡುತ್ತಾಳೆ. ಇಲ್ಲವೆಂದಾದರೆ ಕಿವಿ ಪರೀಕ್ಷೆ ಮಾಡಿಸಿ ಎಂದು ತಾಯಿಗೆ ಹೇಳುವ ಧೈರ್ಯ ಅವಳಿಗಿರುತ್ತದೆ.

ಇನ್ನು 20ನೇ ನಂಬರಿನ ವೀಸಾದವರು, ಅಂದರೆ ಮನೆಗೆಲಸಕ್ಕೆ ಬಂದವರು. ಕುವೈತಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮನೆಗೆಲಸದವರಿದ್ದಾರೆ, ನಮ್ಮ ದೇಶದವರೂ ಅವರಲ್ಲಿ ಬಹಳ. ಈ ನಾಡಿನ ಎಷ್ಟೋ ಮಕ್ಕಳ ಮೊದಲ ಹೆಜ್ಜೆ ನೋಡಿದವರು ಅವರು. ಆದರೆ ನಾನು ಮೊದಲು ಹೇಳಿದ 2010ರ ಕಾರ್ಮಿಕ ಕಾನೂನು ಅವರನ್ನು ಹೊರಗಿಟ್ಟಿತ್ತು. ಮನೆಯೊಳಗಿನವರು ಕಾರ್ಮಿಕರಲ್ಲ ಎಂಬ ಎಣಿಕೆ. ಆಮೇಲೆ 2015ರ 68ನೇ ಕಾನೂನು ಬಂತು: ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ. ಮರುವರ್ಷ ಕನಿಷ್ಠ ಸಂಬಳ 60 ದಿನಾರ್ ಎಂದು ಗೊತ್ತಾಯಿತು. ಕೊಲ್ಲಿಯ ದೇಶಗಳಲ್ಲಿ ಅದು ದೊಡ್ಡ ಹೆಜ್ಜೆಯೇ. ನಮ್ಮ ಸರ್ಕಾರ ಹೊರಡುವವರಿಗೆ ಒಂದು ದಿನದ ಪೂರ್ವಭಾವಿ ತರಬೇತಿ ಕೊಡುತ್ತದೆ. ಪಾಸ್‌ಪೋರ್ಟು ಜೋಪಾನ, ಸಹಾಯವಾಣಿ ಯಾವುದು, ಇಂಥವು. ಬೇಕಾದದ್ದೇ. ಆದರೆ ಮುಂದಿನ ಹತ್ತು ವರ್ಷ ಒಂದು ಮಗುವನ್ನು ಬೆಳೆಸಲಿರುವ ಹೆಂಗಸಿಗೆ ಮಗುವಿನ ಬಗ್ಗೆ ಅಲ್ಲಿ ಎಷ್ಟು ಹೇಳಲು ಸಾಧ್ಯ?

ಇದು ಅರಬರ ದೋಷ ಎಂದು ಕೈ ತೊಳೆದುಕೊಳ್ಳಬೇಡಿ. ನಮ್ಮಲ್ಲಿ ಅಂಗನವಾಡಿಯವಳಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಅವಳು ನೌಕರಳಲ್ಲ, ‘ಕಾರ್ಯಕರ್ತೆ’. ಗೌರವ ಜಾಸ್ತಿಯಾದಷ್ಟೂ ಧನ ಕಡಿಮೆ. ಆಕೆಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ಹೇಳಲು 2022ರ ಏಪ್ರಿಲ್ 25 ಬರಬೇಕಾಯಿತು. ಅಷ್ಟರಲ್ಲಿ ನರಸೀಪುರದ ಮೊದಲ ತಂಡದವರು ನಿವೃತ್ತರಾಗಿ ಎಷ್ಟು ವರ್ಷವಾಗಿತ್ತೋ!

ಹಾಗಾದರೆ ಸರ್ಟಿಫಿಕೇಟು ತಂದರಾಯಿತೇ? ಇಲ್ಲಿ ನಮ್ಮ ಹುಡುಗಿಯರು ಬಹಳ ಜನ ಆನ್‌ಲೈನಿನಲ್ಲಿ ‘ಎನ್‌ಟಿಟಿ’ ಎಂಬ ನರ್ಸರಿ ಟೀಚರ್ ತರಬೇತಿ, ‘ಮಾಂಟೆಸ್ಸರಿ ಡಿಪ್ಲೊಮಾ’ ಮಾಡುತ್ತಾರೆ. ಒಬ್ಬಳು ನನಗೆ ತೋರಿಸಿದಳು, ಚಿನ್ನದ ಅಂಚಿನ ಹಾಳೆ, ಆರು ತಿಂಗಳು, ಮುನ್ನೂರು ಪುಟ ಟಿಪ್ಪಣಿ. ಮಗುವನ್ನು ಎಷ್ಟು ಸಲ ಮುಟ್ಟಿದೆ ಎಂದೆ. ಒಂದು ಸಲವೂ ಇಲ್ಲ. ಅಮೆರಿಕದಲ್ಲಿ ಸಿಡಿಎ ಎಂಬ ಅರ್ಹತಾಪತ್ರ ಇದೆ. ಅದಕ್ಕೆ 120 ಗಂಟೆ ಪಾಠ, 480 ಗಂಟೆ ಮಕ್ಕಳ ಜೊತೆ ಕೆಲಸ. ಒಂದು ಪಾಲು ಕೇಳುವುದು, ನಾಲ್ಕು ಪಾಲು ಮಾಡುವುದು. ಈಜು ಕಲಿಸುವವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಕಳೆದ ತಿಂಗಳು ನಾವು ಕೆಲವರು ಒಂದು ಸಣ್ಣ ಪ್ರಯತ್ನ ಮಾಡಿದೆವು. ಶುಕ್ರವಾರ ರಜೆ, ಮಗಳ ಮನೆಯ ಹಾಲು, ಮಕ್ಕಳನ್ನು ನೋಡಿಕೊಳ್ಳುವ ಎಂಟು ಹೆಂಗಸರು. ಇಬ್ಬರು ನರ್ಸುಗಳು ಗೊಂಬೆ ತಂದು ಐದು ಪೆಟ್ಟು, ಐದು ಒತ್ತು ಮಾಡಿಸಿದರು, ಎಲ್ಲರ ಕೈಯಲ್ಲೂ ಇಪ್ಪತ್ತು ಸಲ. ಮಕ್ಕಳ ಸಂಖ್ಯೆ ಇಳಿಸಬೇಕು, ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳಬೇಕು, ಪರವಾನಗಿಯ ದಾರಿ ವಿಚಾರಿಸಬೇಕು ಎಂದೆ. ಮುಖಗಳು ಬಿಗಿದವು. ದುಡ್ಡಿನ ಮಾತು ಬಂದಾಗ ತಾಯಂದಿರ ಮುಖವೂ ಬಿಗಿಯಿತು, ನನ್ನ ಮಗಳದೂ ಸೇರಿ. ಅದನ್ನು ಬಗೆಹರಿಸದೆ ಮುಂದಕ್ಕೆ ಹೋದೆವು. ಕೊನೆಗೆ ನನ್ನ ಹಳೆಯ ಅಭ್ಯಾಸ ಕೊಟ್ಟೆ: ಒಂದು ಮಗು, ಹತ್ತು ನಿಮಿಷ, ಒಂದು ಹಾಳೆ.

ಕುಂದಾಪುರದವಳು ಮುಂದಿನ ವಾರ ಹಾಳೆ ತಂದು ಕೊಟ್ಟಳು. ಬರೆದದ್ದು ಐದೇ ಸಾಲು, ಒಬ್ಬ ನರ್ಸಿನ ಮಗನ ಬಗ್ಗೆ. ಸಮಯ ಸಂಜೆ ಆರೂವರೆ, ಆಸ್ಪತ್ರೆಯ ಡ್ಯೂಟಿ ಬದಲಾಗುವ ಹೊತ್ತು. ಮಗು ಲಾರಿ ಉರುಳಿಸುತ್ತಿತ್ತು, ಲಿಫ್ಟಿನ ಸದ್ದಾದಾಗಲೆಲ್ಲ ಲಾರಿ ನಿಲ್ಲಿಸಿ ಬಾಗಿಲ ಕಡೆ ನೋಡಿತು, ಒಟ್ಟು ಏಳು ಸಲ. ಕೆಳಗೆ ಬೇರೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಳು: ‘ಎರಡು ವರ್ಷದಿಂದ ನನ್ನ ಹತ್ತಿರ ಇದ್ದಾನೆ. ಇದನ್ನು ನಾನು ನೋಡಿರಲಿಲ್ಲ.’